ಪರಸ್ಥಳದವರ ವೀಳ್ಯ

ನಮ್ಮೂರಿನ ಮದುವೆಗಳಲ್ಲಿ ಜನ ಧಾರೆಗಿಂತ ಹೆಚ್ಚು ಉಸಿರು ಬಿಗಿಹಿಡಿದು ಕಾಯುತ್ತಿದ್ದುದು ವೀಳ್ಯದ ಹೊತ್ತಿಗೆ. ಚಪ್ಪರದ ಕೆಳಗೆ ಕಂಬಳಿ ಹಾಸಿ, ಎಲೆ ಅಡಿಕೆಯ ತಟ್ಟೆ ಮುಂದಿಟ್ಟುಕೊಂಡು ಊರಿನ ಯಜಮಾನ ಒಂದೊಂದೇ ವೀಳ್ಯವನ್ನು ಗಟ್ಟಿಯಾಗಿ ಕೂಗಿ ಕೊಡುತ್ತಿದ್ದ. ಮೊದಲು ದೇವರ ವೀಳ್ಯ, ಆಮೇಲೆ ನ್ಯಾಯ ತೀರಿಸುವ ಕಟ್ಟೆಮನೆಯದು, ಗೌಡರದು, ಬೀಗರದು. ಅದಾದ ಮೇಲೆ ಊರೊಟ್ಟಿನ ವೀಳ್ಯ. ಅದನ್ನು ಎಲ್ಲರ ಪರವಾಗಿ ಒಬ್ಬರು ಈಸಿಕೊಂಡು ಕಣ್ಣಿಗೊತ್ತಿಕೊಂಡರೆ ಊರಿನ ಅಷ್ಟೂ ಮನೆಗಳಿಗೆ ಸಂದ ಹಾಗೆ. ಈ ಸಾಲಿನಲ್ಲಿ ಒಬ್ಬರದು ಹಿಂದೆ ಮುಂದೆ ಆಯಿತೋ, ಇಡೀ ವಂಶ ಬಡಿಸಿದ ಎಲೆ ಬಿಟ್ಟು ಎದ್ದು ಹೋಗಿದ್ದನ್ನು ನಾನೇ ನೋಡಿದ್ದೇನೆ. ಎಲ್ಲ ಮುಗಿದು ತಟ್ಟೆಯ ತಳದಲ್ಲಿ ಬಾಡಿದ ಎಲೆಗಳು ಉಳಿದಾಗ ಕೊನೆಯ ಕೂಗು, ಪರಸ್ಥಳದವರ ವೀಳ್ಯ. ಅದಕ್ಕೆ ಕೈ ನೀಡುತ್ತಿದ್ದವರು ದಿಬ್ಬಣದ ಬಸ್ಸಿನ ಡ್ರೈವರು, ಬೇರೆ ಊರಿನಿಂದ ಬಂದ ವಾಲಗದವರು, ಬಳೆ ಮಾರುವವನು, ಮತ್ತು ನಮ್ಮಪ್ಪ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೆಂಗಸರ ಸಾಲಿನಲ್ಲಿ ಕೂತು ಹಲ್ಲು ಕಚ್ಚುತ್ತಿದ್ದೆ. ಅಪ್ಪನಿಗೆ ಮಾತ್ರ ಏನೂ ಇಲ್ಲ. ಆ ಬಾಡಿದ ಎಲೆಯನ್ನೇ ತೊಡೆಗೆ ಒರೆಸಿ, ಸುಣ್ಣ ಹಚ್ಚಿ ಬಾಯಿಗಿಟ್ಟು, ಡ್ರೈವರಿನ ಸಂಸಾರದ ಕಷ್ಟಸುಖ ವಿಚಾರಿಸುತ್ತ ನಿಲ್ಲುತ್ತಿದ್ದ. ಮನೆಗೆ ಬಂದು ನಾನು ರೇಗಿದರೆ, "ಬಳ್ಳಿ ಒಂದೇ ಅಲ್ಲವೇನೇ?" ಎನ್ನುತ್ತಿದ್ದ. ಅವನ ಕನ್ನಡ ಕಡೆಯವರೆಗೂ ಕೋರ್ಟಿನಲ್ಲಿ ಕಲಿತ ಪುಸ್ತಕದ ಕನ್ನಡವೇ. ಆ ಮಾತು ಕೇಳಿದರೆ ನನ್ನ ಸಿಟ್ಟು ಇನ್ನೊಂದು ಮೊಳ ಏರುತ್ತಿತ್ತು.

ಅಪ್ಪ ಹುಟ್ಟಿ ಬೆಳೆದದ್ದು ರಂಗೂನಿನಲ್ಲಿ. ತಾತನಿಗೆ ಅಲ್ಲಿ ಅಕ್ಕಿ ಅಂಗಡಿಯಿತ್ತು. ಅಪ್ಪ ಅಲ್ಲೇ ವಕೀಲಿ ಓದಿದ, ಹೊಸ ಕರಿಕೋಟಿನ ಮಡಿಕೆ ಇನ್ನೂ ಮುರಿದಿರಲಿಲ್ಲ, ಅಷ್ಟರಲ್ಲಿ ಆ ದೇಶದ ಸರ್ಕಾರ ಬದಲಾಗಿ ಅಂಗಡಿಗಳೆಲ್ಲ ಸರ್ಕಾರದ ಪಾಲಾದವು. ಇವರನ್ನು ಹಡಗು ಹತ್ತಿಸಿ ಮದ್ರಾಸಿಗೆ ಕಳಿಸಿದರು. ಅದನ್ನು ಅಪ್ಪ ಯಾವಾಗಲೂ ಒಂದೇ ರೀತಿ ಹೇಳುತ್ತಿದ್ದ: "ಬಹಳ ಮರ್ಯಾದೆಯಿಂದ ಕಳಿಸಿದರು. ಅಜ್ಜಿಯ ಬಳೆ ಬಿಚ್ಚಿಸಿಕೊಂಡ ಅಧಿಕಾರಿ ನಮಗೆಲ್ಲ ಚಹಾ ತರಿಸಿಕೊಟ್ಟ." ಅದರಲ್ಲಿ ನಗುವಂಥದ್ದು ಏನಿದೆ ಎಂದು ನನಗೆ ತಿಳಿಯುತ್ತಿರಲಿಲ್ಲ. ಅವನು ಮಾತ್ರ ನಗುತ್ತಲೇ ಹೇಳುತ್ತಿದ್ದ.

ತಾತ ಆ ಪೆಟ್ಟಿನಿಂದ ಏಳಲಿಲ್ಲ, ಅಜ್ಜಿಯೂ ಬಹಳ ಕಾಲ ಬದುಕಲಿಲ್ಲ. ತಾತನ ಮೂಲವಾದ ಆಂಧ್ರದ ಕಡೆಯ ನೆಂಟರು ಒಂದು ಹೊತ್ತು ಊಟ ಹಾಕಿ, ಮುಂದೇನು ಯೋಚನೆ ಎಂದು ಕೇಳಿದರಂತೆ. ಆ ಪ್ರಶ್ನೆಯ ಅರ್ಥ ಯಾರಿಗೆ ತಾನೇ ಆಗುವುದಿಲ್ಲ? ರಂಗೂನಿನ ಡಿಗ್ರಿ ಇಲ್ಲಿ ನಡೆಯಲಿಲ್ಲ. ಬೆಂಗಳೂರಿನಲ್ಲಿ ಮತ್ತೆ ಮೊದಲಿನಿಂದ ಓದಿ, ಕುಣಿಗಲ್ಲಿನ ಹಿರಿಯ ವಕೀಲರೊಬ್ಬರ ಹತ್ತಿರ ಜೂನಿಯರ್ ಆಗಿ ಸೇರಿದ. ಅಲ್ಲೇ ಪ್ರೈಮರಿ ಸ್ಕೂಲಿನಲ್ಲಿ ಮೇಡಂ ಆಗಿದ್ದ ಅಮ್ಮನನ್ನು ಮದುವೆಯಾದ. ಹುಡುಗನಿಗೆ ಊರಿಲ್ಲ, ಕೇರಿಯಿಲ್ಲ ಎಂದು ಅಮ್ಮನ ಕಡೆಯ ಅರ್ಧ ಜನ ಮದುವೆಗೇ ಬರಲಿಲ್ಲ. ನಾನು ಹುಟ್ಟಿದ್ದು ಕುಣಿಗಲ್ಲಿನಲ್ಲಿ. ಕುದುರೆ ಫಾರಂ ಬೇಲಿಯಾಚೆ ಮರಿಗಳು ಓಡುವುದನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿದ ನೆನಪೊಂದು ಉಳಿದಿದೆ. ನಾನು ಎರಡನೇ ಕ್ಲಾಸಿಗೆ ಬರುವ ಹೊತ್ತಿಗೆ ಅಮ್ಮನಿಗೆ ಗುಬ್ಬಿ ತಾಲ್ಲೂಕಿಗೆ ವರ್ಗವಾಯಿತು. ಸಿ.ಎಸ್. ಪುರದ ಹತ್ತಿರದ ಹಳ್ಳಿಯೊಂದರಲ್ಲಿ ಗೌಡರ ಹಂಚಿನ ಮನೆಯನ್ನು ಬಾಡಿಗೆಗೆ ಹಿಡಿದೆವು. ಅಪ್ಪ ಬಸ್ಸಿನಲ್ಲಿ ಗುಬ್ಬಿ ಕೋರ್ಟಿಗೆ ಹೋಗಿ ಬರತೊಡಗಿದ. ಊರಿನವರ ಬಾಯಲ್ಲಿ ಅವನು ರಂಗೂನ್ ಲಾಯ್ರು ಆದ.

ಅದು ಗೇಣಿದಾರರಿಗೆ ಭೂಮಿ ಕೊಡುವ ಕಾನೂನು ಬಂದಿದ್ದ ಕಾಲ. ತಾಲ್ಲೂಕಿನಲ್ಲಿ ಭೂ ನ್ಯಾಯಮಂಡಳಿ ಕೂರುತ್ತಿತ್ತು, ಆದರೆ ಅದರ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ಗೇಣಿ ಮಾಡುತ್ತಿದ್ದವರು ಬೆಳಗಾಗುವ ಮುಂಚೆಯೇ ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಅಪ್ಪ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, "ನೀನು ಅಧಿಕಾರಿ, ಜೋರಾಗಿ ಪ್ರಶ್ನೆ ಕೇಳು" ಎನ್ನುತ್ತಿದ್ದ. ನಾನು ಕಣ್ಣು ಕೆಂಪು ಮಾಡಿ, "ಎಷ್ಟು ವರ್ಷದಿಂದ ಉಳ್ತಿದೀಯಾ?" ಎಂದು ಗದರಿಸಬೇಕು. ಅವರು ತಡವರಿಸದೆ ಉತ್ತರ ಹೇಳುವವರೆಗೂ ಅಪ್ಪ ಬಿಡುತ್ತಿರಲಿಲ್ಲ. ಹಾಗೆ ನನ್ನ ಮುಂದೆ ಕೈಕಟ್ಟಿ ನಿಂತು ಪಾಠ ಒಪ್ಪಿಸಿ, ಮಂಡಳಿಯ ಮುಂದೆ ಗೆದ್ದು, ಕೆರೆಯ ಕೆಳಗಿನ ಗದ್ದೆಗೆ ಒಡೆಯರಾದವರಲ್ಲಿ ಒಬ್ಬ ಮುಂದೆ ಊರಿನ ಯಜಮಾನನಾದ. ವೀಳ್ಯ ಕೂಗುವ ಅಧಿಕಾರವೂ ಅವನಿಗೇ ಬಂತು. ನಾನವನನ್ನು ಅಜ್ಜ ಎನ್ನುತ್ತಿದ್ದೆ. ಆ ಅಜ್ಜನೂ ಹಳೆಯ ಪದ್ಧತಿಯಂತೆ ನಮ್ಮಪ್ಪನಿಗೆ ಪರಸ್ಥಳದವರ ವೀಳ್ಯವನ್ನೇ ಕೊಡುತ್ತಿದ್ದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ನಾನು ಹಲ್ಲು ಮಸೆದದ್ದು ಇದಕ್ಕೇ.

ಎಂಬತ್ತರ ದಶಕದ ಕೊನೆಯ ಭಾಗದಲ್ಲಿ ಮಂಡಲ ಪಂಚಾಯಿತಿಗಳು ಬಂದವು. ನಮ್ಮೂರು, ಕೆರೆಯಾಚೆಯ ಊರು, ಸುತ್ತಲಿನ ಕೆಲವು ಹಳ್ಳಿಗಳು ಸೇರಿ ಒಂದು ಹೊಸ ಮಂಡಲವಾಯಿತು. ಅಪ್ಪ ಮೆಂಬರಾಗಿ ಗೆದ್ದಿದ್ದ. ಆದರೆ ಮಂಡಲದ ಮೊದಲ ಅಧ್ಯಕ್ಷ, ಅಂದರೆ ಪ್ರಧಾನ, ಯಾರಾಗಬೇಕು? ನಮ್ಮೂರಿನವನೆಂದರೆ ಕೆರೆಯಾಚೆಯವರು ಒಪ್ಪರು, ಅವರವನೆಂದರೆ ನಮ್ಮವರು ಕೊಡಲಿ ಎತ್ತಿಯಾರು. ಎರಡೂ ಊರಿಗೆ ಆ ಕೆರೆ ಒಂದೇ. ಅದರಿಂದ ನೀರು ಬಿಡಲು ಎರಡು ತೂಬು, ಊರಿಗೊಂದರಂತೆ. ಆ ತೂಬುಗಳ ಜಗಳ ನನ್ನ ತಾತಂದಿರ ಕಾಲದ್ದು ಎಂದು ಬರೆಯೋಣವೆಂದರೆ ನನ್ನ ತಾತ ರಂಗೂನಿನಲ್ಲಿ ಅಕ್ಕಿ ತೂಗುತ್ತಿದ್ದ. ಕೊನೆಗೆ ನಮ್ಮೂರಿನ ಗೌಡರೇ ದಾರಿ ತೋರಿಸಿದರು. "ಯಾರ್ ಕಡೆಯೋನೂ ಅಲ್ದೋನು ಆಗ್ಲಿ ಬುಡ್ರಪ್ಪ. ರಂಗೂನ್ ಲಾಯ್ರು ಇಲ್ವ?"

ಯಾರ ಕಡೆಯವನೂ ಅಲ್ಲ ಎಂಬುದೇ ಅಪ್ಪನ ಯೋಗ್ಯತೆಯಾಯಿತು. ಅವನು ಹಾರ ಹಾಕಿಸಿಕೊಂಡು ಮಗುವಿನ ಹಾಗೆ ನಗುತ್ತ ಮನೆಗೆ ಬಂದ. ಅಮ್ಮ ಹಾರವನ್ನು ಮೊಳೆಗೆ ಸಿಕ್ಕಿಸಿ, "ಇಬ್ರೂ ತುಳಿಯಕ್ಕೆ ಮಧ್ಯದಲ್ಲೊಂದು ಹೊಸಲು ಬೇಕಿತ್ತು, ಸಿಕ್ತು" ಎಂದಳು. ನಾನಾಗ ತುಮಕೂರಿನ ಕಾಲೇಜಿಗೆ ಹೋಗುತ್ತಿದ್ದೆ. ಅಮ್ಮನ ಮಾತು ಕಹಿಯಾಗಿ ಕೇಳಿಸಿತು. ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಅದು ನಿಜವಾಯಿತು.

ಆ ವರ್ಷ ಮಳೆ ಕೈಕೊಟ್ಟು ಕೆರೆ ಅರ್ಧಕ್ಕೇ ನಿಂತಿತು. ಎರಡೂ ತೂಬು ತೆರೆದರೆ ಎರಡೂ ಕಡೆಯ ಭತ್ತ ತೆನೆ ಕಟ್ಟುವ ಮುಂಚೆ ಒಣಗುತ್ತದೆ. ಒಂದೇ ತೂಬು ತೆರೆದರೆ ಒಂದು ಊರಿಗಾದರೂ ಕಾಳು ಸಿಗುತ್ತದೆ, ಇನ್ನೊಂದು ಊರು ರಾಗಿ ಚೆಲ್ಲಿಕೊಳ್ಳಬೇಕು. ಹಿಂದೊಮ್ಮೆ ಹೀಗೆಯೇ ಆಗಿದ್ದಾಗ ತೆರೆದದ್ದು ನಮ್ಮ ತೂಬು. ಈ ಸಲ ಸರದಿ ಅವರದು ಎಂಬುದು ಅಪ್ಪನ ಲೆಕ್ಕ. ಸರಿಯಾದ ಲೆಕ್ಕವೇ. ಆದರೆ ಅವನು ಮಾಡಿದ್ದೇನು? ಮಂಡಲದ ಆಫೀಸಿನಲ್ಲಿ ಕೂತು, ಜಡ್ಜಿನ ಹಾಗೆ ಆರ್ಡರ್ ಬರೆಸಿ, ತೂಬು ತೆರೆಯುವ ನೀರುಗಂಟಿಯನ್ನು ಕರೆಸಿ ಹೇಳಿದ. ಆಮೇಲೆ ಕೋಟು ಹಾಕಿಕೊಂಡು ಗುಬ್ಬಿಯ ಬಸ್ಸು ಹತ್ತಿದ. ನಮ್ಮೂರಿನವರಿಗೆ ತೀರ್ಮಾನಕ್ಕಿಂತ ಮೊದಲು ಆಚೆ ಕಾಲುವೆಯಲ್ಲಿ ನೀರು ಹರಿಯುವ ಸದ್ದು ಕೇಳಿಸಿತು.

ಆ ಸಂಜೆ ಅಪ್ಪ ಬಸ್ಸಿಳಿದಾಗ ಅರಳಿಕಟ್ಟೆಯ ಮೇಲೆ ಊರೇ ಕೂತಿತ್ತು. ಯಾರೂ ಬೈಯಲಿಲ್ಲ. ಅಪ್ಪ ನಮಸ್ಕಾರ ಮಾಡಿದರೆ ಒಬ್ಬರೂ ಕೈ ಎತ್ತಲಿಲ್ಲ. ಅವನು ದಾಟಿ ಹೋದ ಮೇಲೆ ಹಿಂದಿನಿಂದ ಅಜ್ಜನ ದನಿ ಬಂತು: "ಉಂಡ್ ಮನೆ ಜಂತೆ ಎಣಿಸ್ಬುಟ್ರು ಲಾಯ್ರು."

ಮಾರನೆಯ ದಿನ ಹಾಲು ಬರಲಿಲ್ಲ. ನಮಗೆ ಹಾಲು ಹಾಕುತ್ತಿದ್ದವಳು ಆ ಅಜ್ಜನ ಸೊಸೆ. ಹಸು ಒದೆಯಿತೇನೋ ಎಂದುಕೊಂಡೆವು. ಆಮೇಲೆ ನೋಡಿದರೆ ಕ್ಷೌರದವನಿಗೆ ನಮ್ಮ ಮನೆಯ ದಾರಿ ಮರೆತಿತ್ತು, ಅಂಗಡಿಯವನಿಗೆ ನಾವು ಕೇಳಿದ ಸಾಮಾನೆಲ್ಲ ಮುಗಿದಿತ್ತು. ಇದಕ್ಕೇ ಊರಿನವರು ಕಟ್ಟು ಹಾಕುವುದು ಎನ್ನುತ್ತಿದ್ದರು. ಬಾವಿಕಟ್ಟೆಗೆ ನಾನು ಹೋದರೆ ಹೆಂಗಸರು ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ನಡೆಯುತ್ತಿದ್ದರು. ಸ್ಕೂಲಿನಲ್ಲಿ ಮಕ್ಕಳು ಅಮ್ಮನಿಗೆ ನಮಸ್ತೆ ಹೇಳಿ ತಕ್ಷಣ ಬಾಯಿ ಮುಚ್ಚಿಕೊಳ್ಳುತ್ತಿದ್ದವು. ಒಂದು ಮುಸ್ಸಂಜೆ ಹಂಚಿನ ಮೇಲೆ ಕಲ್ಲು ಬಿತ್ತು. ಒಡೆದ ಹಂಚಿನ ಚೂರು ಅಮ್ಮ ಹಿಟ್ಟು ಜರಡಿ ಹಿಡಿಯುತ್ತಿದ್ದ ಮೊರಕ್ಕೇ ಬಂತು. ಅಮ್ಮ ಆ ಚೂರನ್ನು ಅಪ್ಪನ ಮುಂದಿಟ್ಟು ಎದ್ದು ಹೋದಳು. ನನಗೆ ನಿಜವಾಗಿಯೂ ಭಯವಾಯಿತು. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಬೆನ್ನ ಹಿಂದೆ ನಿಂತರೆ ಸರಿದು ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆ.

"ತೂಬು ಮುಚ್ಚಿಸಿಬಿಡು ಅಪ್ಪ," ಎಂದೆ.

"ಮುಚ್ಚಿಸಿದರೆ ಅವರ ಪೈರು ಸಾಯುತ್ತದೆ. ಅವರು ನನ್ನ ಮಾತು ನಂಬಿ ನಾಟಿ ಮಾಡಿದ್ದಾರೆ."

"ಮತ್ತೆ ನಾವು?"

ಮುಂದಿನ ಭಾನುವಾರ ಅಮ್ಮ ನನ್ನನ್ನು ಕರೆದುಕೊಂಡು ತುಮಕೂರಿಗೆ ಹೊರಟಳು, ಸದಾಶಿವನಗರದಲ್ಲಿ ಬಾಡಿಗೆ ಮನೆ ನೋಡಲು. ಮನೆ ಚೆನ್ನಾಗಿತ್ತು. ನಲ್ಲಿಯಿತ್ತು, ಹಾಲಿನ ಬೂತು ಬೀದಿಯ ತುದಿಯಲ್ಲೇ ಇತ್ತು. ಮನೆಯ ಓನರಮ್ಮ ಕಾಫಿ ಕೊಟ್ಟು, "ನಿಮ್ದು ಸ್ವಂತ ಊರು ಯಾವ್ದು?" ಎಂದು ಕೇಳಿದರು. ಕುಣಿಗಲ್ಲಿನಲ್ಲಿ ಹುಟ್ಟಿ ಬೆಳೆದ ನಮ್ಮಮ್ಮ, ಒಂದು ಕ್ಷಣವೂ ಯೋಚಿಸದೆ ಸಿ.ಎಸ್. ಪುರದ ಹತ್ತಿರದ ಆ ಹಾಳು ಹಳ್ಳಿಯ ಹೆಸರು ಹೇಳಿದಳು. ಹೇಳಿದ ಮೇಲೆ ತಾನೇ ಬೆಚ್ಚಿದಳು. ಬಸ್ಸಿನಲ್ಲಿ ಗುಬ್ಬಿ ಬರುವವರೆಗೂ ಕಿಟಕಿಯ ಕಡೆಗೇ ಮುಖ ತಿರುಗಿಸಿ ಕೂತಿದ್ದಳು. ಆದರೂ ಬರುವ ಅಮಾವಾಸ್ಯೆ ಕಳೆದ ಮೇಲೆ ಮನೆ ಬದಲಾಯಿಸುವುದು ಎಂದು ತೀರ್ಮಾನಿಸಿದ್ದಳು.

ಅಷ್ಟರಲ್ಲಿ ಗೌಡರ ಮಗಳ ಮದುವೆ ಬಂತು. ಗಂಡು ಕುಣಿಗಲ್ ಕಡೆಯವನು. ಊರಿನ ಪದ್ಧತಿಯಂತೆ ಪ್ರತಿ ಮನೆಗೂ ಅರಿಶಿನ ಕುಂಕುಮ ಕೊಟ್ಟು ಕರೆಯಬೇಕು. ಗೌಡರ ಮನೆಯ ಹೆಂಗಸರು ನಮ್ಮಲ್ಲಿಗೂ ಬಂದರು. ಒಳಗೆ ಕಾಲಿಡದೆ, ಹೊಸಲಿನಾಚೆ ನಿಂತು ಅಮ್ಮನ ಕೆನ್ನೆಗೆ ಅರಿಶಿನ ಹಚ್ಚಿ, "ಮದ್ವೆ ಐತೆ" ಎಂದಷ್ಟೇ ಹೇಳಿ ಹೋದರು. ಇದನ್ನು ಕರೆದದ್ದು ಎನ್ನುತ್ತಾರೆಯೇ? ಹೋಗಕೂಡದು ಎಂದು ನಾನೂ ಅಮ್ಮನೂ ಹಟ ಹಿಡಿದೆವು. ಅಪ್ಪ ಬಿಳಿ ಪಂಚೆ ಉಟ್ಟು ಹೊರಟುನಿಂತ. "ವೀಳ್ಯದ ಹೊತ್ತಿಗೆ ನಾನು ಅಲ್ಲಿರಬೇಕು. ಕೊಡುತ್ತಾರೋ ಇಲ್ಲವೋ ನೋಡೇಬಿಡುತ್ತೇನೆ" ಎಂದ. ಆಗ ನನಗೆ ತಿಳಿಯಿತು, ಇಷ್ಟು ವರ್ಷ ಬಾಡಿದ ಎಲೆಯನ್ನು ನಗುತ್ತ ಜಗಿದದ್ದು ಅಷ್ಟು ಹಗುರವಾಗಿರಲಿಲ್ಲ. ಆ ಕೊನೆಯ ಎಲೆಯೂ ತಪ್ಪಿದರೆ ಈ ಊರಿನಲ್ಲಿ ಅವನಿಗೆ ಯಾವ ಜಾಗವೂ ಉಳಿಯುತ್ತಿರಲಿಲ್ಲ. ಅವನನ್ನು ಒಬ್ಬನೇ ಕಳಿಸಲು ಮನಸ್ಸಾಗದೆ ನಾವೂ ಹೊರಟೆವು.

ಚಪ್ಪರದಲ್ಲಿ ಎರಡೂ ಊರಿನ ಜನ ಕೂತಿದ್ದರು. ನಮ್ಮವರು ಒಂದು ಕಡೆ, ಕೆರೆಯಾಚೆಯವರು ಇನ್ನೊಂದು ಕಡೆ. ಅಜ್ಜ ಕೂಗತೊಡಗಿದ. ದೇವರದು ಆಯಿತು, ಕಟ್ಟೆಮನೆಯದು, ಗೌಡರದು, ಬೀಗರದು. ಊರೊಟ್ಟಿನ ವೀಳ್ಯವನ್ನು ತಾನೇ ಎತ್ತಿ ಕಣ್ಣಿಗೊತ್ತಿಕೊಂಡ. ಕೆರೆಯಾಚೆಯ ಊರಿನದೂ ಆಯಿತು.

"ಪರಸ್ಥಳದೋರ ವೀಳ್ಯಾ!"

ಅಪ್ಪ ಎಂದಿನಂತೆ ಮುಂದೆ ಹೋಗಿ ಕೈ ನೀಡಿದ. ಅಜ್ಜ ಅವನ ಕೈಯನ್ನು ದಾಟಿ ಕುಣಿಗಲ್ಲಿನ ಬಸ್ ಡ್ರೈವರಿಗೆ ಎಲೆ ಕೊಟ್ಟ. ಅಪ್ಪ ಇನ್ನೂ ಕೈ ಚಾಚಿಕೊಂಡೇ ನಿಂತಿದ್ದ. ಅಜ್ಜ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡ. ಅಮ್ಮ ನನ್ನ ಮಣಿಕಟ್ಟನ್ನು ಬಳೆ ಒತ್ತುವ ಹಾಗೆ ಹಿಡಿದಳು.

"ಯಾಕ್ ಲಾಯ್ರೆ ಕೈ ನೀಡ್ತೀರಿ?"

"ಪರಸ್ಥಳದವರ ವೀಳ್ಯ ಎಂದು ಕೂಗಿದಿರಿ."

"ಕೂಗ್ದೆ. ಅದ್ ನಿಮ್ಗಲ್ಲ. ಊರೊಟ್ಟಿಂದು ಆಗ್ಲೇ ಆಗೋಯ್ತಲ್ಲ, ಅದ್ರಾಗೇ ಬಂತು ನಿಮ್ದು. ಒಂದ್ ಮನೆಗೆ ಎಷ್ಟ್ ಸಲ ಈಸ್ಕೋತೀರಿ?"

ಇದು ಕುಹಕ ಎಂದೇ ನಾನು ತಿಳಿದೆ. ಎದ್ದು ಕೂಗಿಬಿಡೋಣ ಎನ್ನಿಸಿತು. ಅಪ್ಪ ಚಾಚಿದ ಕೈಯನ್ನು ಕೆಳಗಿಳಿಸಿದ. "ನಮ್ಮ ಮನೆಗೆ ಹಾಲು ನಿಲ್ಲಿಸಿದ್ದೀರಿ. ಹಂಚು ಒಡೆದಿದ್ದೀರಿ. ಈಗ ಊರೊಟ್ಟಿನಲ್ಲಿ ಸೇರಿದ್ದೇನೆ ಎನ್ನುತ್ತೀರಿ."

ಅಜ್ಜನಿಗೆ ಸಿಟ್ಟೇ ಬಂತು. "ಕಲ್ ಹೊಡ್ದೋನ್ಗೆ ನಾನೇ ಕಪಾಳಕ್ ಹೊಡ್ದಿವ್ನಿ, ಅದ್ ಬುಡಿ. ಹಾಲ್ ನಿಲ್ಸೋದು ಯಾರ್ಗೆ? ದಾರಿಯಾಗೆ ಹೋಗೋನ್ಗೆ ನಿಲ್ಸ್ತಾರಾ? ಪರಸ್ಥಳದೋನು ಹಗೆ ಆದ್ರೂ ಮಜ್ಗೆ ಕೊಟ್ ಕಳಿಸ್ತೀವಿ. ಊರೋನು ತಪ್ ಮಾಡುದ್ರೆ ತಾನೆ ಕಟ್ಟು ಹಾಕೋದು? ಇಷ್ಟ್ ಕಾನೂನ್ ಓದಿದೀರಿ, ಇದ್ ಗೊತ್ತಾಗಕ್ಕಿಲ್ವಾ?"

ಇದು ಕುಹಕವಲ್ಲ ಎಂದು ನನಗೆ ಆಗ ಹೊಳೆಯಿತು. ಆದರೆ ಮುಗಿದಿರಲಿಲ್ಲ. ಗೌಡರು ಒಂದು ತೆಂಗಿನಕಾಯಿ, ಎಲೆ ಅಡಿಕೆ ತರಿಸಿ ಅಪ್ಪನ ಕೈಗೆ ಕೊಟ್ಟರು. "ಊರೋರು ಅಂದ್ಮೇಲೆ ಎಲ್ರಂಗೆ ತಪ್ಪುಕಾಣಿಕೆ ಕಟ್ಬೇಕು ಲಾಯ್ರೆ. ತಪ್ಪಾಯ್ತು ಅಂದ್ಬುಡಿ. ನಾಳೆಯಿಂದ ಎಲ್ಲ ಮೊದ್ಲಂಗೆ."

ಕೆರೆಯಾಚೆಯವರ ಕಡೆ ಸರಕ್ಕನೆ ಅಲುಗಾಟವಾಯಿತು. ಅವರ ಭತ್ತಕ್ಕೆ ಇನ್ನೂ ನೀರು ಬೇಕಿತ್ತು. ಪ್ರಧಾನನೇ ತಪ್ಪಾಯಿತು ಎಂದರೆ ಸಂಜೆಯೊಳಗೆ ತೂಬು ಮುಚ್ಚುತ್ತದೆ ಎಂದು ಎರಡೂ ಊರಿಗೆ ಗೊತ್ತಿತ್ತು. ಅವರಲ್ಲೊಬ್ಬ ಎದ್ದೇ ನಿಂತ. ಅಪ್ಪ ಕಾಯಿಯನ್ನು ನೋಡುತ್ತಿದ್ದ. ಜೀವಮಾನವಿಡೀ ಅವನಿಗೆ ಬೇಕಾಗಿದ್ದ ಊರು ಆ ಒಂದು ಮಾತಿನ ಆಚೆಗಿತ್ತು. ಹೇಳಿಬಿಡು, ಹೇಳಿಬಿಡು ಎಂದು ನಾನು ಮನಸ್ಸಿನಲ್ಲೇ ಕಿರುಚುತ್ತಿದ್ದೆ.

"ನೀರು ಬಿಟ್ಟದ್ದು ತಪ್ಪಲ್ಲ," ಎಂದ ಅಪ್ಪ. ನಮ್ಮೂರಿನ ಕಡೆಯಿಂದ ಹೋ ಎಂದು ಗದ್ದಲ ಎದ್ದಿತು. ಅವನು ಕೋರ್ಟಿನ ದನಿ ತೆಗೆದ. "ಸರದಿ ಅವರದು. ಅದನ್ನು ತಪ್ಪು ಎಂದರೆ ಕಾಯಿ ಹಿಡಿದು ಸುಳ್ಳು ಹೇಳಿದ ಹಾಗೆ. ಆ ತೂಬು ಮುಚ್ಚುವುದಿಲ್ಲ. ಆದರೆ ಕಟ್ಟೆಗೆ ಬಂದು, ನಿಮ್ಮ ಜೊತೆ ಕೂತು ಹೇಳಬೇಕಾದ್ದನ್ನು ಆಫೀಸಿನಲ್ಲಿ ಕೂತು ಆರ್ಡರ್ ಮಾಡಿದೆ. ನಿಮ್ಮ ಬೈಗುಳಕ್ಕೆ ಹೆದರಿ ಬಸ್ಸು ಹತ್ತಿ ಹೋದೆ. ಪರಸ್ಥಳದವನ ಹಾಗೆ ನಡೆದುಕೊಂಡೆ. ಅದು ತಪ್ಪಾಯಿತು." ಹಾಗೆಂದು ಬಗ್ಗಿ, ಕಾಯಿಯನ್ನು ಅಜ್ಜನ ಕಾಲ ಹತ್ತಿರ ಇಟ್ಟ.

ಅಜ್ಜ ಗೌಡರ ಮುಖ ನೋಡಿದ, ಗೌಡರು ನೆಲ ನೋಡಿದರು. ಆ ಅಜ್ಜನ ಗದ್ದೆಯೂ ನಮ್ಮ ತೂಬಿನ ಕೆಳಗೇ ಬಿರಿದು ಬಿದ್ದಿತ್ತು. ಹಿಂದಿನಿಂದ ಯಾರೋ ಹುಡುಗಾಟದವನು ಕೂಗಿದ, "ಅರ್ಧ ತಪ್ ಒಪ್ಕೊಂಡವ್ರೆ, ಅರ್ಧ ಕಾಯಿ ಒಡೀ ಯಜಮಾನ!"

"ಅರ್ಧ ಕಾಯಿ ಹೆಂಗ್ಲಾ ಒಡೆಯೋದು, ಮುಂಡೇದೆ?" ಎಂದು ಗದರಿದ ಅಜ್ಜ, ಕಾಯಿ ಎತ್ತಿ ಚಪ್ಪರದ ಕಲ್ಲಿಗೆ ಒಡೆದ. ಒಂದು ಹೋಳನ್ನು ಅಪ್ಪನ ಕೈಗಿಟ್ಟ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಊಟಕ್ಕೆ ಎಲೆ ಹಾಕಲು ಶುರುಮಾಡಿದರು.

ಮನೆಗೆ ಬಂದ ಮೇಲೆ ಅಪ್ಪ ಹೋಳನ್ನು ಹಿಡಿದುಕೊಂಡೇ ಜಗಲಿಯಲ್ಲಿ ಕೂತ. ಅಮ್ಮ ನೀರು ತಂದುಕೊಟ್ಟಳು. ಅವನು ಕುಡಿಯಲಿಲ್ಲ. "ರಂಗೂನಿನಲ್ಲಿ ನಮ್ಮನ್ನು ಯಾರೂ ಬೈಯಲಿಲ್ಲ ಕಣೇ," ಎಂದ. "ನೀವು ಇಂಥ ತಪ್ಪು ಮಾಡಿದಿರಿ ಎನ್ನಲಿಲ್ಲ. ದಂಡ ಕಟ್ಟಿ ಇಲ್ಲೇ ಇರಿ ಎನ್ನಲಿಲ್ಲ. ಚಹಾ ಕೊಟ್ಟು ಹೋಗಿ ಅಂದರು, ಅಷ್ಟೇ." ಅಲ್ಲಿಗೆ ಅವನಿಗೆ ಅಳು ಬಂತು. ಅಪ್ಪ ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ, ನಾನೂ ಅತ್ತೆ.

ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಅಜ್ಜನ ಸೊಸೆ ಹಾಲಿನ ಚೊಂಬು ಹಿಡಿದು ನಿಂತಿದ್ದಳು. ಪಾತ್ರೆಗೆ ಹಾಲು ಸುರಿಯುತ್ತಲೇ ಬೀದಿಗೆಲ್ಲ ಕೇಳುವ ಹಾಗೆ ಶುರುಮಾಡಿದಳು. "ಅಲ್ಲ ಮೇಡಮ್ಮ, ತುಮ್ಕೂರಾಗೆ ಮನೆ ನೋಡಿ ಬಂದ್ರಂತಲ್ಲ, ಯಾರ್ನ ಕೇಳಿ ನೋಡಿದ್ರಿ? ಊರ್ ಬುಟ್ ಹೋಗಾಕೆ ನಿಮ್ಗೇನ್ ಬಂದಿರೋದು ದೊಡ್ ರೋಗ? ಆ ಲಾಯ್ರಿಗಂತೂ ಬುದ್ಧಿ ಇಲ್ಲ, ನಿಮ್ಗೂ ಇಲ್ವಾ?"

ಎದ್ದು ಹೋಗಿ ಅವಳ ಬಾಯಿ ಮುಚ್ಚಿಸಲು ನಾನು ಹೊರಟೆ. ಒಳಗೆ ಚಾಪೆಯ ಮೇಲೆ ಇನ್ನೂ ಮಲಗಿದ್ದ ಅಪ್ಪ ನನ್ನ ಸೆರಗಿನ ತುದಿ ಹಿಡಿದು ನಿಲ್ಲಿಸಿದ. ಅವನ ಕಣ್ಣು ಮುಚ್ಚಿತ್ತು, ಮುಖದ ತುಂಬ ನಗುವಿತ್ತು.

"ಬೈಯಲಿ ಬಿಡು," ಎಂದ. "ಇನ್ನೂ ಸ್ವಲ್ಪ ಬೈಯಲಿ."